ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕಣ್ಣಿನ ವ್ಯಾಯಾಮ: ಓಲಾಡುವುದು ಕಡಿಮೆಯಾಗುತ್ತದಾ?

ಸೋಮವಾರಪೇಟೆ_ಸೊಸೆ · ಜೂನ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ 67 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದಾರೆ. ಈಗ ತೊಂದರೆ ಇರುವುದು ನಡಿಗೆಯಲ್ಲಿ. ನೇರ ನಡೆದರೆ ಪರವಾಗಿಲ್ಲ. ಹಿಂದಿನಿಂದ ಯಾರಾದರೂ ಕರೆದು, ತಲೆ ತಿರುಗಿಸಿ ನೋಡಿದರೆ ಸಾಕು, ಒಂದು ಪಕ್ಕಕ್ಕೆ ವಾಲುತ್ತಾರೆ. ಗೋಡೆ ಹಿಡಿಯಬೇಕು. ಬಚ್ಚಲ ಹತ್ತಿರ ಒಂದ್ಸಲ ಬಿದ್ದದ್ದೂ ಆಯ್ತು. ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ.

ಪಕ್ಕದ ಬೆಡ್‌ನವರ ಮಗ ಹೇಳಿದ, ಕಣ್ಣಿನ ವ್ಯಾಯಾಮ ಮಾಡಿಸಿ, ಬ್ಯಾಲೆನ್ಸ್ ಬರುತ್ತದೆ ಅಂತ. ಮಾವ ನಕ್ಕುಬಿಟ್ಟರು. "ಎಡವೋದು ಕಾಲು, ಕಸರತ್ತು ಕಣ್ಣಿಗಾ?" ಅಂದರು. ನನಗೂ ಅದೇ ಪ್ರಶ್ನೆ. ಯಾರಾದರೂ ಮಾಡಿಸಿದ್ದೀರಾ? ಮಳೆ ಶುರುವಾಗಿದೆ, ಅಂಗಳ ಎಲ್ಲ ಪಾಚಿ. ನನಗೆ ಭಯ.

ಗೋಣಿಕೊಪ್ಪ_ಗಾಳಿಮಾತು · ಜೂನ್ 8

ಅಕ್ಕ, ಇಂಥದ್ದನ್ನೆಲ್ಲ ನಂಬಬೇಡಿ. ಕಣ್ಣನ್ನು ಗಿರಗಿರ ತಿರುಗಿಸಿದರೆ ಕನ್ನಡಕವೇ ಬೇಡ ಅಂತ ಒಂದು ವಿಡಿಯೋ ಓಡಾಡುತ್ತಿತ್ತು. ನಮ್ಮ ಚಿಕ್ಕಪ್ಪ ಅದನ್ನು ನೋಡಿ ಕನ್ನಡಕ ಬೀರುವಿನೊಳಗೆ ಇಟ್ಟರು. ಆಮೇಲೆ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೇ "ಯಾರಪ್ಪ ಅಲ್ಲಿ" ಅಂತ ಕೇಳಿದರು. ಮೊದಲು ಬಿಪಿ ನೋಡಿಸಿ. ಡಯಾಲಿಸಿಸ್‌ನವರು ವಾಲುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ ಅಂತ ನನ್ನ ಲೆಕ್ಕ.

ಕುಶಾಲನಗರ_ಫಿಸಿಯೋ · ಜೂನ್ 9

ಗಾಳಿಮಾತು ಅವರೇ, ಬಿಪಿ ಮೊದಲು ಅನ್ನುವುದು ಸರಿ. ಕನ್ನಡಕದ ವಿಡಿಯೋ ಬಗ್ಗೆಯೂ ಸರಿ. ಆದರೆ ಅಕ್ಕ ಕೇಳುತ್ತಿರುವುದು ಬೇರೆ ವ್ಯಾಯಾಮ. ಇದರಿಂದ ದೃಷ್ಟಿ ಸುಧಾರಿಸುವುದಿಲ್ಲ. ಕನ್ನಡಕದ ನಂಬರ್ ಇಳಿಯುವುದಿಲ್ಲ. ಸಕ್ಕರೆಯಿಂದ ಹಾಳಾದ ಅಕ್ಷಿಪಟಲ ರಿಪೇರಿ ಆಗುವುದಿಲ್ಲ. ಇದು ತಲೆ ಅಲ್ಲಾಡುವಾಗ ಕಣ್ಣನ್ನು ಒಂದೇ ಕಡೆ ನಿಲ್ಲಿಸುವ ಅಭ್ಯಾಸ.

ಒಂದು ಪರೀಕ್ಷೆ ಮಾಡಿ ನೋಡಿ. ಇವತ್ತಿನ 'ಶಕ್ತಿ' ಪತ್ರಿಕೆ ಕೈಯಲ್ಲಿ ಹಿಡಿಯಿರಿ. ತಲೆ ಅಲ್ಲಾಡಿಸದೆ ಪತ್ರಿಕೆಯನ್ನು ಜೋರಾಗಿ ಎಡಕ್ಕೆ ಬಲಕ್ಕೆ ಆಡಿಸಿ. ಅಕ್ಷರ ಓದಲಾಗುವುದಿಲ್ಲ. ಈಗ ಪತ್ರಿಕೆ ಹಾಗೇ ಇರಲಿ, ಅಷ್ಟೇ ಜೋರಾಗಿ ತಲೆ ಆಡಿಸಿ. ಓದಬಹುದು, ಅಲ್ವಾ? ಎರಡನೇ ಸಲ ಕೆಲಸ ಮಾಡಿದ್ದು ನಿಮ್ಮ ಒಳಕಿವಿ. ಅಲ್ಲಿ ಒಂದೊಂದು ಕಡೆ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ಬಲಕ್ಕೆ ತಿರುಗಿದ ಕೂಡಲೇ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಕಣ್ಣು ಅಷ್ಟೇ ಎಡಕ್ಕೆ ಸರಿಯುತ್ತದೆ. ನಾವು ಯೋಚಿಸುವ ಮೊದಲೇ ಇದು ಆಗಿಬಿಟ್ಟಿರುತ್ತದೆ. ಡಾಕ್ಟರುಗಳು ಇದಕ್ಕೆ ವೆಸ್ಟಿಬ್ಯುಲೋ ಆಕ್ಯುಲಾರ್ ರಿಫ್ಲೆಕ್ಸ್ ಅನ್ನುತ್ತಾರೆ. ಇದು ಮಂದವಾದರೆ, ತಲೆ ತಿರುಗಿಸಿದಾಗ ಎದುರಿನ ಲೋಕ ಒಂದು ಕ್ಷಣ ಜಾರುತ್ತದೆ. ಅಕ್ಕನ ಮಾವ ನೇರ ನಡೆಯುವಾಗ ಸರಿ ಇದ್ದು ತಿರುಗುವಾಗ ವಾಲುತ್ತಾರೆ ಅಂದಾಗ ನನ್ನ ಕಿವಿ ನಿಮಿರಿದ್ದು ಇದಕ್ಕೇ.

ಇನ್ನು ಡಯಾಲಿಸಿಸ್ ಯಾಕೆ ಬಂತು ಅಂದರೆ. ನಾವು ಬೀಳದೆ ನಿಲ್ಲುವುದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಒಳಕಿವಿ, ಪಾದದ ಸ್ಪರ್ಶ. ಕಿಡ್ನಿ ಹೋದವರಿಗೆ ಮೂರಕ್ಕೂ ಪೆಟ್ಟು ಬೀಳಬಹುದು. ಸಕ್ಕರೆ ಮತ್ತು ರಕ್ತದಲ್ಲಿ ಉಳಿಯುವ ಕಶ್ಮಲ ಎರಡೂ ಪಾದದ ನರ ಕೆಡಿಸುತ್ತವೆ. ಅದೇ ಸಕ್ಕರೆ ಕಣ್ಣನ್ನೂ ಕೆಡಿಸುತ್ತದೆ. ಕೆಲವು ಔಷಧ ಒಳಕಿವಿಗೆ ಕೆಟ್ಟದ್ದು. ಜೊತೆಗೆ ಸ್ನಾಯು ಸೊರಗಿರುತ್ತದೆ, ಮೂಳೆ ಟೊಳ್ಳಾಗಿರುತ್ತದೆ. ನಾವು ಬಿದ್ದರೆ ತರಚುವ ಜಾಗದಲ್ಲಿ ಅವರಿಗೆ ಮುರಿಯುತ್ತದೆ.

ಇದು ಹೊಸ ಫ್ಯಾಷನ್ನೂ ಅಲ್ಲ. 1940ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಕಾಥಾರ್ನ್ ಅನ್ನುವ ಕಿವಿ ಸರ್ಜನ್ ಮತ್ತು ಕುಕ್ಸಿ ಅನ್ನುವ ವೈದ್ಯ ಸೇರಿ ತಲೆಪೆಟ್ಟಿನಿಂದ ತಲೆಸುತ್ತು ಬಂದವರಿಗೆ ಇಂಥ ವ್ಯಾಯಾಮ ಮಾಡಿಸಿದ್ದರು. ಒಳಕಿವಿ ಮಂದವಾದವರಲ್ಲಿ ಇದಕ್ಕೆ ಗಟ್ಟಿ ಆಧಾರವಿದೆ. ಡಯಾಲಿಸಿಸ್‌ನವರ ವಿಷಯದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಆದರೂ ಖರ್ಚಿಲ್ಲದ, ಕೂತಲ್ಲೇ ಮಾಡಬಹುದಾದ ಕೆಲಸ.

ಯೂನಿಟ್_ಟೆಕ್ನಿಷಿಯನ್ · ಜೂನ್ 9

ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡುವವನು. ಊರು ಹೇಳುವುದಿಲ್ಲ, ಜಿಲ್ಲೆಯೊಳಗೇ.

ಮೊದಲು ಬಿಪಿ ವಿಷಯ. 4 ಗಂಟೆಯಲ್ಲಿ ಎರಡು ಮೂರು ಲೀಟರ್ ನೀರು ತೆಗೆದಿರುತ್ತೇವೆ. ಎದ್ದ ಕೂಡಲೇ ಬಿಪಿ ಇಳಿಯುತ್ತದೆ. ಆದ್ದರಿಂದ ಮಲಗಿದ್ದಾಗ ಒಮ್ಮೆ ನೋಡಿ, ನಿಂತ ಮೇಲೆ 3 ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಆಗ ಡ್ರೈ ವೇಟ್, ಅಂದರೆ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ, ಮತ್ತೆ ಲೆಕ್ಕ ಹಾಕುತ್ತಾರೆ. ಬಿಪಿ ಮಾತ್ರೆಯ ಹೊತ್ತು ಬದಲಾಯಿಸಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ.

ಮಷಿನ್ ಓಡುವಾಗ ಈ ವ್ಯಾಯಾಮ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ನರ್ಸಿಗೆ ಹೇಳಿ ಮಾಡಬಹುದು, ಮೊದಲ ಎರಡು ಗಂಟೆಯೊಳಗೆ. ಆಮೇಲೆ ಬಿಪಿ ಇಳಿಯುವುದು, ಕಾಲು ಸೆಳೆತ ಬರುವುದು ಜಾಸ್ತಿ. ಕಣ್ಣಿನ ಕೆಲಸದಲ್ಲಿ ಒಂದು ಅನುಕೂಲ ಇದೆ. ಸೂಜಿ ಇರುವ ಕೈ ಅಲ್ಲಾಡಿಸಬೇಕಿಲ್ಲ.

ಆದರೆ ಡಯಾಲಿಸಿಸ್‌ಗೆ ಕುತ್ತಿಗೆಯ ರಕ್ತನಾಳದಲ್ಲಿ ಪೈಪ್ ಇದ್ದವರು ತಲೆ ತಿರುಗಿಸುವ ವ್ಯಾಯಾಮವನ್ನು ಮಷಿನ್ ಮೇಲೆ ಮಾಡಲೇಬಾರದು. ಪೈಪ್ ಎಳೆದರೆ ಅಲಾರಂ ಹೊಡೆಯುತ್ತದೆ, ರಕ್ತದ ಹರಿವು ಕೆಡುತ್ತದೆ. ಅವರಿಗೆ ಬರೀ ಕಣ್ಣು ಸಾಕು.

ನಾಪೋಕ್ಲು_ಅಜ್ಜ · ಜೂನ್ 10

ನಾನೇ ಪೇಶೆಂಟು, ಹಾಗಾಗಿ ನನ್ನ ಮಾತನ್ನೂ ಕೇಳಿ. ನನಗೆ ಸಕ್ಕರೆ ಇಲ್ಲ. ಕಾಲು ಜುಮ್ಮೆನ್ನುವುದಿಲ್ಲ. ಬಿಪಿಯೂ ಸರಿ. ಆದರೂ ನಡೆಯುವಾಗ ಎದುರಿನ ಅಡಿಕೆ ಮರಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ನಿಂತರೆ ಅವೂ ನಿಲ್ಲುತ್ತವೆ. ಬಸ್ಸಿನ ಬೋರ್ಡ್ ಓದಬೇಕಾದರೆ ನಾನು ನಿಲ್ಲಬೇಕು, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಹಿಂದೆ ಕುತ್ತಿಗೆ ಪೈಪಿಗೆ ಸೋಂಕು ಆಗಿ ಜ್ವರ ಬಂದಿತ್ತು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು, ಅದನ್ನು ಮರೆಯಬಾರದು. ಕುಣಿತ ಶುರುವಾದದ್ದು ಆಮೇಲೆ. ಕಿವಿ ಡಾಕ್ಟರು ನನ್ನ ತಲೆ ಹಿಡಿದು ಚಟಕ್ಕನೆ ತಿರುಗಿಸಿ ನೋಡಿ ಹೇಳಿದರು, ಒಳಕಿವಿ ಎರಡೂ ಕಡೆ ಮಂದವಾಗಿದೆ ಅಂತ. ಕಿಡ್ನಿ ಕೆಲಸ ಮಾಡದಿದ್ದರೆ ಆ ಔಷಧ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಆಗ ಕಿವಿಗೆ ಅಪಾಯ ಹೆಚ್ಚು. ಈಗ ನಾನು ಹೊಸ ಡಾಕ್ಟರ ಹತ್ತಿರ ಹೋದರೆ ಮೊದಲ ಮಾತೇ ಅದು. ಚೀಟಿಯಲ್ಲೂ ಬರೆಸಿಟ್ಟಿದ್ದೇನೆ.

ವ್ಯಾಯಾಮ ಮಾಡುತ್ತಿದ್ದೇನೆ. ಮರಗಳು ಈಗಲೂ ಕುಣಿಯುತ್ತವೆ, ಆದರೆ ಕಡಿಮೆ. ನಿಧಾನ ನಡೆದರೆ ಬೋರ್ಡ್ ಓದುತ್ತೇನೆ. ಪೂರ್ತಿ ಹೋಗುತ್ತದೆ ಅಂತ ಯಾರೂ ನನಗೆ ಹೇಳಿಲ್ಲ, ನಾನೂ ನಿಮಗೆ ಹೇಳುವುದಿಲ್ಲ.

ಸೋಮವಾರಪೇಟೆ_ಸೊಸೆ · ಜೂನ್ 10

ಅಜ್ಜ, ನೀವು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. "ಮರ ಕುಣಿಯೋದು ನನಗಿಲ್ಲ, ತಿರುಗುವಾಗ ಮಾತ್ರ ಮಬ್ಬು" ಅಂದರು. ಫಿಸಿಯೋ ಅವರೇ, ಹೇಗೆ ಮಾಡಿಸುವುದು ಅಂತ ಬಿಡಿಸಿ ಹೇಳುತ್ತೀರಾ? ಯೂಟ್ಯೂಬ್‌ನಲ್ಲಿ ಬರೀ ಕಣ್ಣು ಮೇಲೆ ಕೆಳಗೆ ಮಾಡಿಸುತ್ತಾರೆ.

ಕುಶಾಲನಗರ_ಫಿಸಿಯೋ · ಜೂನ್ 11

ಎಲ್ಲರೂ ತಪ್ಪುವುದು ಅಲ್ಲೇ. ತಲೆ ಅಲ್ಲಾಡದೆ ಕಣ್ಣು ಮಾತ್ರ ಓಡಿಸಿದರೆ ಒಳಕಿವಿಗೆ ಕೆಲಸವೇ ಇಲ್ಲ. ಹೆಬ್ಬೆರಳು ಹಿಂಬಾಲಿಸುವುದು, ಎರಡು ಚುಕ್ಕೆಗಳ ನಡುವೆ ನೋಟ ಹಾರಿಸುವುದು, ಇವೆಲ್ಲ ಶುರುಮಾಡುವುದಕ್ಕೆ ಚೆನ್ನ, ಮಷಿನ್ ಮೇಲೆ ಮಲಗಿದ್ದಾಗಲೂ ಚೆನ್ನ. ಅಷ್ಟಕ್ಕೇ ನಿಂತರೆ ಫಲ ಕಡಿಮೆ. ಕಣ್ಣು ನಿಲ್ಲಬೇಕು, ತಲೆ ಆಡಬೇಕು.

ಪತ್ರಿಕೆಯ ತಲೆಬರಹದಿಂದ ಒಂದು ದೊಡ್ಡ ಅಕ್ಷರ ಕತ್ತರಿಸಿ. ಗೋಡೆಗೆ, ಮಾವ ಕುರ್ಚಿಯಲ್ಲಿ ಕೂತರೆ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಅಂಟಿಸಿ. ಸುತ್ತ ಹೂವಿನ ಕ್ಯಾಲೆಂಡರ್ ಏನೂ ಬೇಡ, ಖಾಲಿ ಗೋಡೆ. ಒಂದು ಕೈಯಳತೆ ದೂರ. ಕೈ ಇರುವ ಕುರ್ಚಿ ಆಗಬೇಕು, ಪ್ಲಾಸ್ಟಿಕ್ ಸ್ಟೂಲ್ ಬೇಡ. ಕನ್ನಡಕ ಹಾಕಿಯೇ ಇರಲಿ.

ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ, ಸ್ವಲ್ಪವೇ, "ಬೇಡ ಬೇಡ" ಅನ್ನುವ ಹಾಗೆ. ಮೊದಲ ವಾರ 20-30 ಸೆಕೆಂಡ್ ಸಾಕು. ವಿಶ್ರಾಂತಿ. ಆಮೇಲೆ "ಹೂಂ ಹೂಂ" ಅನ್ನುವ ಹಾಗೆ ಮೇಲೆ ಕೆಳಗೆ. ವೇಗ ಎಷ್ಟು? ಅಕ್ಷರ ಸ್ಪಷ್ಟ ಕಾಣುವಷ್ಟು. ಮಬ್ಬಾಯಿತು ಅಂದರೆ ವೇಗ ಜಾಸ್ತಿ ಆಯಿತು. ಅಕ್ಷರ ಒಡೆಯುವುದಕ್ಕೆ ಒಂದು ಹೆಜ್ಜೆ ಹಿಂದಿನ ವೇಗದಲ್ಲಿ ಇರಬೇಕು, ಲಾಭ ಇರುವುದು ಅಲ್ಲೇ. ತೀರಾ ನಿಧಾನ ಮಾಡಿದರೆ ಸುಮ್ನೆ ಕುತ್ತಿಗೆ ಆಡಿಸಿದಂತೆ.

ಸ್ವಲ್ಪ ತಲೆ ಭಾರ ಅನಿಸುವುದು ಸಹಜ. ಕೆಲವು ನಿಮಿಷದಲ್ಲಿ ಇಳಿಯಬೇಕು. ಇಳಿಯದೆ ವಾಂತಿಯ ತನಕ ಬಂದರೆ ಮರುದಿನ ಅರ್ಧ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ ಚೂರು ಚೂರು ಮಾಡುವುದು, ಒಂದೇ ಸಲ ಉದ್ದ ಮಾಡುವುದಕ್ಕಿಂತ ಮೇಲು. ಕಿವಿಯ ತೊಂದರೆ ಹಳೆಯದಾದವರಿಗೆ ದಿನಕ್ಕೆ ಎಲ್ಲ ಸೇರಿ 20 ನಿಮಿಷ, ನಾಲ್ಕರಿಂದ ಆರು ವಾರ ಅಂತ ನಾವು ಗುರಿ ಇಡುತ್ತೇವೆ. ಡಯಾಲಿಸಿಸ್‌ನವರು ಅಲ್ಲಿಗೆ ಮೆಲ್ಲನೆ ಹೋಗಲಿ, ಅವಸರ ಇಲ್ಲ.

ಕೂತು ಸಲೀಸಾದ ಮೇಲೆ ನಿಂತು. ನಿಲ್ಲುವುದು ಎರಡು ಗೋಡೆ ಸೇರುವ ಮೂಲೆಯಲ್ಲಿ, ಬೆನ್ನು ಮೂಲೆಗೆ, ಮುಂದೆ ಭಾರದ ಕುರ್ಚಿ. ಆಮೇಲೆ ಜಗಲಿಯಲ್ಲಿ ನಡೆಯುತ್ತಾ ತಲೆ ತಿರುಗಿಸುವುದು. ಜೊತೆಗೆ ಒಬ್ಬರು ಇರಲೇಬೇಕು. ಹಿಡಿಯಬೇಕಾದರೆ ಸೊಂಟ ಹಿಡಿಯಿರಿ, ಫಿಸ್ಟುಲಾ ಕೈಯನ್ನು ಎಳೆಯಬೇಡಿ. ನಿಂತು ಮಾಡುವುದೆಲ್ಲ ಡಯಾಲಿಸಿಸ್ ಇಲ್ಲದ ದಿನಕ್ಕೆ. ಡಯಾಲಿಸಿಸ್ ದಿನ ಸಂಜೆ ಮೈ ಸೋತಿರುತ್ತದೆ, ರಕ್ತ ಹೆಪ್ಪುಗಟ್ಟದಂತೆ ಹೆಪ್ಪಾರಿನ್ ಕೊಟ್ಟಿರುವುದರಿಂದ ಬಿದ್ದರೆ ರಕ್ತ ನಿಲ್ಲುವುದೂ ತಡ.

ಮಾಡಬಾರದವರು ಯಾರು ಅಂದರೆ: ಇತ್ತೀಚೆಗೆ ಕಣ್ಣಿನ ಆಪರೇಷನ್, ಲೇಸರ್, ಕಣ್ಣೊಳಗೆ ಇಂಜೆಕ್ಷನ್ ಆದವರು, ಕಣ್ಣೊಳಗೆ ರಕ್ತ ಒಸರಿದವರು ಕಣ್ಣಿನ ಡಾಕ್ಟರು ಹೂಂ ಅನ್ನುವ ತನಕ ಮುಟ್ಟಬೇಡಿ. ಕುತ್ತಿಗೆ ಮೂಳೆ ಸವೆದು ಕೈ ಜುಮ್ಮೆನ್ನುವವರೂ ಅಷ್ಟೇ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮನೆಯೇ ಗಿರ್ರನೆ ತಿರುಗಿದರೆ ಅದು ಒಳಕಿವಿಯ ಕಣ ಜಾರುವ ಬೇರೆ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆ. ಮುಖ ಸೊಟ್ಟಾಗಿ, ಮಾತು ತೊದಲಿ, ಎರಡೆರಡು ಕಂಡು ತಲೆಸುತ್ತು ಬಂದರೆ ವ್ಯಾಯಾಮದ ಮಾತೇ ಬೇಡ, 108ಕ್ಕೆ ಫೋನ್ ಮಾಡಿ.

ಮಡಿಕೇರಿ_ಮಂಜು · ಜೂನ್ 11

ದೀಪದ ಜ್ವಾಲೆ ನೋಡುವ ತ್ರಾಟಕ ಮಾಡಿದರೆ ಆಗಲ್ವಾ? ನಮ್ಮ ಅವ್ವ ದಿನಾ ಮಾಡುತ್ತಾರೆ.

ಕುಶಾಲನಗರ_ಫಿಸಿಯೋ · ಜೂನ್ 11

ಅವ್ವ ಮನಸ್ಸಿನ ನೆಮ್ಮದಿಗೆ ಮಾಡಲಿ. ಅಲ್ಲಿ ತಲೆಯೂ ನಿಂತಿರುತ್ತದೆ, ಕಣ್ಣೂ ನಿಂತಿರುತ್ತದೆ. ನಡಿಗೆಗೆ ಅದರಿಂದ ಏನೂ ಬರುವುದಿಲ್ಲ.

ಪೊನ್ನಂಪೇಟೆ_ಪೆಮ್ಮಣ್ಣ · ಜೂನ್ 13

ಎಲ್ಲರೂ ವ್ಯಾಯಾಮ ಅಂತಿದ್ದೀರಿ. ನನಗೆ ಕರೆಂಟ್ ಬಗ್ಗೆ ಹೇಳಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಅಪ್ಪನಿಗೆ ಪಾದ ಸತ್ತಂತೆ, ಬಿಸಿನೀರು ಬಿದ್ದರೂ ತಿಳಿಯುವುದಿಲ್ಲ. ಹಗಲು ಹೊತ್ತು ಕಣ್ಣಿನ ಮೇಲೆ ಭಾರ ಹಾಕಿ ಆರಾಮಾಗಿ ನಡೆಯುತ್ತಾರೆ. ಕರೆಂಟ್ ಹೋದ ರಾತ್ರಿ ಅದೇ ಮನುಷ್ಯ ಹಾಸಿಗೆಯಿಂದ ಬಾಗಿಲ ತನಕ ಬರಲಾರರು. ನಮ್ಮದು ಹಳೆ ಮನೆ, ಹೊಸ್ತಿಲು ಎತ್ತರ, ಬಚ್ಚಲು ಹಿಂದುಗಡೆ, ಮಧ್ಯೆ ಎರಡು ಕಲ್ಲಿನ ಮೆಟ್ಟಿಲು.

ನಾವು ಮಾಡಿದ್ದು: ಚಾರ್ಜ್ ಆಗುವ ಬಲ್ಬ್, ಕರೆಂಟ್ ಹೋದ ಕೂಡಲೇ ತಾನಾಗಿ ಉರಿಯುವಂಥದ್ದು, ಹಾಸಿಗೆ ಪಕ್ಕ ಒಂದು, ಬಚ್ಚಲ ದಾರಿಯಲ್ಲಿ ಒಂದು. ಮೆಟ್ಟಿಲ ಅಂಚಿಗೆ ಬಿಳಿ ಪೇಂಟ್. ಗೋಡೆಗೆ ಪೈಪ್ ಹಿಡಿ. ಬಾರ್ ಚಪ್ಪಲಿ ಬಿಡಿಸಿ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಪಾಚಿಗೆ ಬ್ಲೀಚಿಂಗ್ ಪೌಡರ್. ಮೆಟ್ಟಿಲ ಮೇಲೆ ಹಾಸಿದ್ದ ಗೋಣಿಚೀಲ ಎತ್ತಿಬಿಟ್ಟೆವು, ಅದೇ ಜಾರುತ್ತಿತ್ತು. ಕಣ್ಣಿನ ವ್ಯಾಯಾಮ ಆಮೇಲೆ ಮಾಡೋಣ.

ಯೂನಿಟ್_ಟೆಕ್ನಿಷಿಯನ್ · ಜೂನ್ 13

ಪೆಮ್ಮಣ್ಣ ಅವರ ಮಾತಿಗೆ ಒಂದು ಸೇರಿಸುತ್ತೇನೆ, ಕನ್ನಡಕ. ಮೇಲೆ ದೂರ ಕೆಳಗೆ ಹತ್ತಿರ ಇರುವ ಬೈಫೋಕಲ್ ಹಾಕಿ ಮೆಟ್ಟಿಲು ಇಳಿದರೆ, ಕಾಲಿನ ಜಾಗ ಕಾಣುವುದು ಓದುವ ಗಾಜಿನಿಂದ. ಮೆಟ್ಟಿಲು ಮಬ್ಬಾಗುತ್ತದೆ. ಹೊರಗೆ ಓಡಾಡುವುದಕ್ಕೆ ಬರೀ ದೂರದ ಕನ್ನಡಕ ಒಂದು ಬೇರೆ ಮಾಡಿಸಿದರೆ ಒಳ್ಳೆಯದು.

ಸೋಮವಾರಪೇಟೆ_ಸೊಸೆ · ಜುಲೈ 20

ತಡವಾಗಿ ಬರೆಯುತ್ತಿದ್ದೇನೆ, ಮಳೆಗೆ ನೆಟ್‌ವರ್ಕ್ ಇರಲಿಲ್ಲ.

ಬಿಪಿ ನಿಂತಾಗ ಇಳಿಯುತ್ತಿತ್ತು. ಗಾಳಿಮಾತು ಅಣ್ಣ, ನಿಮ್ಮ ಲೆಕ್ಕ ಸರಿ ಇತ್ತು. ಡಾಕ್ಟರು ಡ್ರೈ ವೇಟ್ ಸ್ವಲ್ಪ ಏರಿಸಿದರು. ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು ನಿಂತಿತು. ಆದರೆ ತಿರುಗುವಾಗ ವಾಲುವುದು ಹಾಗೇ ಉಳಿಯಿತು. ಅದಕ್ಕೇ ವ್ಯಾಯಾಮ ಶುರು ಮಾಡಿದೆವು. ಗೋಡೆಯ ಮೇಲೆ 'ಮ' ಅಂಟಿಸಿದೆ. ಮೊದಲ ವಾರ ಮಾವ ನನ್ನ ಕಡೆ ನೋಡಿ ನಗುತ್ತಾ ಮಾಡುತ್ತಿದ್ದರು, ಅಂದರೆ ಅಕ್ಷರದ ಮೇಲೆ ಕಣ್ಣೇ ಇರಲಿಲ್ಲ. ಈಗ ನಾನು ಗೋಡೆ ಪಕ್ಕ ನಿಂತು ಅವರ ಕಣ್ಣನ್ನೇ ನೋಡುತ್ತೇನೆ. ತಲೆ ಬಲಕ್ಕೆ ತಿರುಗಿಸಿದಾಗ ಕಣ್ಣು ಅಕ್ಷರ ಬಿಟ್ಟು ತಲೆಯ ಜೊತೆಗೇ ಸರಿದು, ಆಮೇಲೆ ಚಕ್ಕನೆ ವಾಪಸ್ ಹಾರುತ್ತಿತ್ತು. ಬರೀ ಬಲಕ್ಕೆ. ಎಡಕ್ಕೆ ತಿರುಗಿಸಿದರೆ ಇಲ್ಲ. ಇದು ಸರಿಯಾ ಫಿಸಿಯೋ ಅವರೇ?

ಈಗ ಕರೆದರೆ ತಿರುಗಿ ನೋಡುತ್ತಾರೆ, ಗೋಡೆ ಹಿಡಿಯುವುದು ಕಡಿಮೆ. ಬಚ್ಚಲಿಗೆ ಮಾತ್ರ ಒಬ್ಬರೇ ಬಿಡುವುದಿಲ್ಲ.

ಗೋಣಿಕೊಪ್ಪ_ಗಾಳಿಮಾತು · ಜುಲೈ 20

ಒಳ್ಳೆ ಸುದ್ದಿ ಅಕ್ಕ. ಆದರೆ ಡ್ರೈ ವೇಟ್ ಬದಲಾಯಿಸಿದ್ದೀರಿ, ದಿನಾ ಎಬ್ಬಿಸಿ ನಿಲ್ಲಿಸಿದ್ದೀರಿ, ಎಲ್ಲ ಒಟ್ಟಿಗೇ. ಕಣ್ಣಿಗೆ ಯಾಕೆ ಎಲ್ಲ ಹೆಸರು?

ಕುಶಾಲನಗರ_ಫಿಸಿಯೋ · ಜುಲೈ 21

ಹೆಸರು ಯಾರಿಗೆ ಬಂದರೂ ನನಗೆ ಬೇಸರವಿಲ್ಲ. ಒಬ್ಬರ ಮನೆಯ ಅನುಭವದಿಂದ ಬಿಡಿಸಿ ಹೇಳುವುದಕ್ಕೂ ಆಗುವುದಿಲ್ಲ. ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತುವುದು ಇಲ್ಲದೆ ಕಣ್ಣಿನದು ಒಂದೇ ಮಾಡಿಸಿ ಅಂತ ನಾನೂ ಹೇಳುವುದಿಲ್ಲ.

ಅಕ್ಕ, ನೀವು ನೋಡಿದ್ದು ತುಂಬ ಮುಖ್ಯ. ಕಣ್ಣು ಜಾರಿ, ಆಮೇಲೆ ಹಾರಿ ವಾಪಸ್ ಬರುವುದು ಆ ಕಡೆಯ ಒಳಕಿವಿ ಮಂದ ಅನ್ನುವುದಕ್ಕೆ ಗುರುತು. ಒಂದೇ ಕಡೆ ಅಂದರೆ ಕಿವಿ ಡಾಕ್ಟರಿಗೆ ತೋರಿಸಲೇಬೇಕು. ಕೇಳಿಸುವುದೂ ಆ ಕಡೆ ಕಡಿಮೆಯಾ ನೋಡಿ. ಹಳೇ ಇಂಜೆಕ್ಷನ್ ಚೀಟಿಗಳಿದ್ದರೆ ತೆಗೆದುಕೊಂಡು ಹೋಗಿ.

ಇನ್ನೊಂದು, ಸುಧಾರಣೆ ಅಳೆಯುವುದಕ್ಕೆ ಕುರ್ಚಿಯಿಂದ 3 ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಎದ್ದು, ಗೆರೆ ತನಕ ನಡೆದು, ತಿರುಗಿ, ವಾಪಸ್ ಬಂದು ಕೂರುವ ತನಕ ಮೊಬೈಲ್‌ನಲ್ಲಿ ಟೈಮ್ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಪ್ರತಿ ಸಲ ಒಂದೇ ಚಪ್ಪಲಿ, ಒಂದೇ ಹೊತ್ತು, ಡಯಾಲಿಸಿಸ್ ಇಲ್ಲದ ದಿನ.

ಮಡಿಕೇರಿ_ಮಂಜು · ಜುಲೈ 28

ವಿಷಯಕ್ಕೆ ಹೊರತು, ಕ್ಷಮಿಸಿ. ಕಕ್ಕಡ 18, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ, ಹತ್ತಿರ ಬಂತು. ಡಯಾಲಿಸಿಸ್‌ನವರು ಮದ್ದು ಸೊಪ್ಪಿನ ಪಾಯಸ ತಿನ್ನಬಹುದಾ? ಅವ್ವ ಕೇಳುತ್ತಿದ್ದಾರೆ.

ಯೂನಿಟ್_ಟೆಕ್ನಿಷಿಯನ್ · ಜುಲೈ 28

ಡಾಕ್ಟರನ್ನು ಕೇಳದೆ ಬೇಡ. ಬೆಲ್ಲ, ತೆಂಗಿನ ಹಾಲು ಎರಡರಲ್ಲೂ ಪೊಟ್ಯಾಸಿಯಂ ಇದೆ. ಸೊಪ್ಪಿನ ರಸ ಕಿಡ್ನಿ ಇಲ್ಲದ ಮೈಯಲ್ಲಿ ಏನು ಮಾಡುತ್ತದೆ ಅಂತ ಪಂದ್ಯ ಕಟ್ಟುವ ಕೆಲಸ ಬೇಡ. ಪೊಟ್ಯಾಸಿಯಂ ಏರಿದರೂ ಕಾಲು ಸೋಲುತ್ತದೆ, ಹೃದಯವೂ ನಿಲ್ಲಬಹುದು.

ವೇದಿಕೆ_ನಿರ್ವಾಹಕ · ಜುಲೈ 28

ಊಟದ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ನಡಿಗೆ ಮಾತ್ರ.

ನಾಪೋಕ್ಲು_ಅಜ್ಜ · ಜುಲೈ 29

ನಡಿಗೆಯಲ್ಲ, ಸವಾರಿ ಬಗ್ಗೆ ಕೇಳಬಹುದಾ? ಡಯಾಲಿಸಿಸ್ ಮುಗಿಸಿ ತಿರುವು ರಸ್ತೆಯಲ್ಲಿ ವಾಪಸ್ ಬರುವಾಗ ವಾಂತಿ ಬರುತ್ತದೆ. ಆಗ ಈ ವ್ಯಾಯಾಮ ಮಾಡಿದರೆ ನಿಲ್ಲುತ್ತದಾ?

ಕುಶಾಲನಗರ_ಫಿಸಿಯೋ · ಜುಲೈ 29

ಬೇಡ ಅಜ್ಜ, ಗಾಡಿಯಲ್ಲಿ ಮಾಡಲೇಬೇಡಿ, ಜಾಸ್ತಿ ಆಗುತ್ತದೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿ. ಮೊಬೈಲ್ ನೋಡಬೇಡಿ. ತಲೆಯನ್ನು ಸೀಟಿಗೆ ಒರಗಿಸಿ. ಹೊರಡುವ ಮೊದಲು ಕಾಲು ಗಂಟೆ ಯೂನಿಟ್‌ನಲ್ಲೇ ಕೂತು, ನಿಂತಾಗಿನ ಬಿಪಿ ನೋಡಿಸಿಕೊಂಡೇ ಹತ್ತಿ. ಬಿಪಿ ಇಳಿದರೂ ವಾಂತಿ ಬರುತ್ತದೆ. ಎಲ್ಲವನ್ನೂ ತಿರುವಿನ ಮೇಲೆ ಹಾಕಬೇಡಿ.

ಸೋಮವಾರಪೇಟೆ_ಸೊಸೆ · ಜುಲೈ 30

ಮುಂದಿನ ಸೀಟು ಅಂದದ್ದೇ ತಡ, ನಮ್ಮ ಮನೆಯಲ್ಲಿ ಜಗಳ ಶುರು. ಇಷ್ಟು ದಿನ ಅದು ಅತ್ತೆಯ ಸೀಟು. ಕಿವಿ ಡಾಕ್ಟರ ಹತ್ತಿರ ಮುಂದಿನ ಮಂಗಳವಾರಕ್ಕೆ ಹೆಸರು ಬರೆಸಿದ್ದೇನೆ, ಅವತ್ತು ಡಯಾಲಿಸಿಸ್ ಇಲ್ಲ. ಅಜ್ಜ ಹೇಳಿದ ಇಂಜೆಕ್ಷನ್ ಹೆಸರು ಹಳೇ ಚೀಟಿಗಳಲ್ಲಿ ಹುಡುಕುತ್ತಿದ್ದೇನೆ. ಅರ್ಧ ಚೀಟಿ ಇಲಿ ತಿಂದಿದೆ. ಏನು ಹೇಳಿದರು ಅಂತ ಬಂದು ಬರೆಯುತ್ತೇನೆ.